ಮನೆಯಲ್ಲಿ ಮಾಯ್ ತಾಯ್ ಮಾಡುವುದಕ್ಕೆ ಯಾವ ರಮ್ ತರಬೇಕು?

ತುಂಗಾತೀರ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಕಳೆದ ಒಂದು ವರ್ಷದಿಂದ ಮನೆಯಲ್ಲಿಯೇ ಕಾಕ್ಟೇಲ್ ಮಾಡುವುದನ್ನು ಕಲಿಯುತ್ತಿದ್ದೇನೆ. ಜಿನ್ ಮತ್ತು ವಿಸ್ಕಿಯ ಪಾನೀಯಗಳು ತಕ್ಕಮಟ್ಟಿಗೆ ಕೈಗೆ ಹತ್ತಿವೆ. ಆದರೆ ರಮ್ ಹಾಕಿ ಮಾಡುವ ಉಷ್ಣವಲಯದ ಪಾನೀಯಗಳು, ಅಂದರೆ ಡೈಕಿರಿ, ಮಾಯ್ ತಾಯ್, ಜಂಗಲ್ ಬರ್ಡ್ ಮುಂತಾದವು, ಎಷ್ಟು ಸಲ ಪ್ರಯತ್ನಿಸಿದರೂ ಹದಕ್ಕೆ ಬರುತ್ತಿಲ್ಲ.

ಕಳೆದ ವಾರ, ‘ಟ್ರೇಡರ್ ವಿಕ್’ ಎಂದು ಹೆಸರಾದ ವಿಕ್ಟರ್ ಬರ್ಜೆರಾನ್ 1944ರಲ್ಲಿ ಅಮೆರಿಕದ ಓಕ್‌ಲೆಂಡ್‌ನ ತಮ್ಮ ಬಾರಿನಲ್ಲಿ ಮಾಡಿದ ಅಳತೆಯನ್ನೇ ಇಟ್ಟುಕೊಂಡು ಮಾಯ್ ತಾಯ್ ಮಾಡಿದೆ. ಒಂದು ದೊಡ್ಡ ಪೆಗ್, ಅಂದರೆ 60 ಮಿಲಿ ರಮ್, ಒಂದು ನಿಂಬೆಹಣ್ಣಿನ ರಸ, 15 ಮಿಲಿ ಕ್ಯೂರಸಾವ್ ಎನ್ನುವ ಕಿತ್ತಳೆ ಸಿಪ್ಪೆಯ ಸಿಹಿ ಮದ್ಯ, 15 ಮಿಲಿ ಓರ್ಜಾ ಎನ್ನುವ ಬಾದಾಮಿ ಪಾಕ, 7 ಮಿಲಿ ಸಕ್ಕರೆ ಪಾಕ. ಪಾಕವಿಧಾನದಲ್ಲಿ ‘ಹಳೆಯ ರಮ್’ ಎಂದಿದ್ದುದರಿಂದ ಬಡಾವಣೆಯ ಅಂಗಡಿಯಲ್ಲಿ ಸಿಕ್ಕ ಒಂದು ಕಪ್ಪು ರಮ್ ತಂದಿದ್ದೆ. ಬಂದ ರುಚಿ ವೆನಿಲ್ಲಾ ಬೆರೆಸಿದ ಪಾನಕದ್ದು. ಎರಡು ವರ್ಷದ ಹಿಂದೆ ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದಾಗ ಇದೇ ಹೆಸರಿನ ಪಾನೀಯ ಕುಡಿದಿದ್ದೆ. ಲೋಟ ಮೂಗಿನ ಹತ್ತಿರ ಬಂದ ಕೂಡಲೇ ತೀರಾ ಹಣ್ಣಾದ ಯಾವುದೋ ಹಣ್ಣಿನ ಘಮ ಏರಿ ಬಂದದ್ದು ಇನ್ನೂ ನೆನಪಿದೆ. ನನ್ನ ಲೋಟದಲ್ಲಿ ಆ ಘಮದ ಸುಳಿವೂ ಇರಲಿಲ್ಲ.

ಬಿಳಿ, ಬಂಗಾರ, ಕಪ್ಪು ಎಂದು ಪಾಕವಿಧಾನಗಳಲ್ಲಿ ಬರೆದಿರುವುದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಹತ್ತು ಸೀಸೆ ಕೊಳ್ಳುವ ಶಕ್ತಿಯಾಗಲಿ, ಇಡುವ ಜಾಗವಾಗಲಿ ನನಗಿಲ್ಲ. ಮುಂದಿನ ತಿಂಗಳು ನಮ್ಮ ಭಾವ ಲಂಡನ್ನಿನಿಂದ ಬರುತ್ತಿದ್ದಾರೆ, ಒಂದೆರಡು ಸೀಸೆ ತರಲು ಒಪ್ಪಿದ್ದಾರೆ. ಏನನ್ನು ತರಿಸಲಿ, ಏನನ್ನು ಇಲ್ಲಿಯೇ ಕೊಳ್ಳಲಿ ಎಂಬುದನ್ನು ತಿಳಿದವರು ಹೇಳಬೇಕು.

ಕಬ್ಬಿನಹಾಲು, ಲಂಡನ್

ತುಂಗಾತೀರ ಅವರೇ, ನಿಮ್ಮ ಅಳತೆಯಲ್ಲಿ ತಪ್ಪಿಲ್ಲ. ಸೀಸೆಯನ್ನು ಬಣ್ಣ ನೋಡಿ ಆರಿಸಿದ್ದರಲ್ಲಿ ತಪ್ಪಾಗಿದೆ, ಅದಕ್ಕೆ ಕಾರಣ ಪಾಕವಿಧಾನ ಬರೆದವರೇ ಹೊರತು ನೀವಲ್ಲ. ಹಲವು ವರ್ಷ ಓಕ್ ಪೀಪಾಯಿಯಲ್ಲಿ ಮಾಗಿದ ರಮ್ ಅನ್ನು ಇದ್ದಿಲಿನಲ್ಲಿ ಸೋಸಿ ನೀರಿನಂತೆ ತಿಳಿಯಾಗಿಸಬಹುದು. ನಿನ್ನೆ ಭಟ್ಟಿಯಿಂದ ಇಳಿದ ರಮ್‌ಗೆ ಸುಟ್ಟ ಸಕ್ಕರೆಯ ಬಣ್ಣ ಬೆರೆಸಿ ಕಾಡಿಗೆಯಂತೆ ಕಪ್ಪಾಗಿಸಬಹುದು. ಆದ್ದರಿಂದ ಬಣ್ಣವನ್ನು ಬದಿಗಿಟ್ಟು ಮೂರು ವಿಷಯ ವಿಚಾರಿಸಿ: ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾಡಿದ್ದೋ ಕಬ್ಬಿನ ಹಾಲಿನಿಂದ ಮಾಡಿದ್ದೋ, ಯಾವ ಬಗೆಯ ಭಟ್ಟಿಯಲ್ಲಿ ಇಳಿಸಿದ್ದು, ಯಾವ ದ್ವೀಪದ್ದು. ದ್ವೀಪದ ಹೆಸರು ತಿಳಿದರೆ ಉಳಿದೆರಡಕ್ಕೆ ಬಹುಪಾಲು ಉತ್ತರ ಸಿಕ್ಕಂತೆಯೇ.

ನಿಮ್ಮ ನೆನಪಿನಲ್ಲಿರುವ ಆ ಘಮ ಜಮೈಕಾದ್ದು. ಬರ್ಜೆರಾನ್ 1944ರಲ್ಲಿ ಬಳಸಿದ್ದು ಜಮೈಕಾದ ಜೆ. ವ್ರೇ ಅಂಡ್ ನೆಫ್ಯೂ ಮನೆಯ 17 ವರ್ಷದ ರಮ್. ಟಹೀಟಿಯಿಂದ ಬಂದಿದ್ದ ಅವರ ಗೆಳತಿ ಒಂದು ಗುಟುಕು ಕುಡಿದು ಆ ನಾಡಿನ ಮಾತಿನಲ್ಲಿ ‘ಇದಕ್ಕೆ ಸಾಟಿಯಿಲ್ಲ’ ಎಂಬ ಅರ್ಥ ಬರುವಂತೆ ‘ಮೈತಾಯಿ ರೋವಾ ಆಎ’ ಎಂದರಂತೆ, ಪಾನೀಯಕ್ಕೆ ಅದೇ ಹೆಸರಾಯಿತು. ಆ ಪಾನೀಯವನ್ನು ಕಟ್ಟಿದ್ದೇ ಒಂದು ನಿರ್ದಿಷ್ಟ ರಮ್‌ನ ಗುಣವನ್ನು ಎತ್ತಿ ತೋರಿಸುವುದಕ್ಕೆ. ನಿಂಬೆ, ಬಾದಾಮಿ, ಕಿತ್ತಳೆ ಎಲ್ಲವೂ ಅಲ್ಲಿ ಪಕ್ಕವಾದ್ಯ ಮಾತ್ರ. ಹಾಡುಗಾರನನ್ನು ಬದಲಿಸಿದ ಮೇಲೆ ಪಕ್ಕವಾದ್ಯವನ್ನು ಎಷ್ಟು ತಿದ್ದಿದರೂ ಅದೇ ಕಛೇರಿ ಆಗುವುದಿಲ್ಲ.

ಜಮೈಕಾದ ಹಳೆಯ ಪದ್ಧತಿಯಲ್ಲಿ ಹುದುಗು ಬರಿಸುವ ಕೆಲಸವೇ ನಿಧಾನದ್ದು. ಟ್ರೆಲಾನಿ ಪ್ರಾಂತ್ಯದ ಹ್ಯಾಂಪ್ಡೆನ್‌ನಂಥ ಕಡೆ ಹೊರಗಿನಿಂದ ಯೀಸ್ಟ್ ತಂದು ಹಾಕುವುದಿಲ್ಲ. ಗಾಳಿಯಲ್ಲಿ, ಮರದ ತೊಟ್ಟಿಯ ಗೋಡೆಯಲ್ಲಿ ಇರುವ ಯೀಸ್ಟೇ ಕಾಕಂಬಿಯ ನೀರನ್ನು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹುದುಗಿಸುತ್ತದೆ. ಹಿಂದಿನ ಸಲದ ಭಟ್ಟಿಯಲ್ಲಿ ತಳಕ್ಕೆ ಉಳಿದ ಹುಳಿನೀರನ್ನೂ ಇದಕ್ಕೆ ಸೇರಿಸುತ್ತಾರೆ, ಅದನ್ನು ಅಲ್ಲಿ ‘ಡಂಡರ್’ ಎನ್ನುತ್ತಾರೆ. ಬ್ಯಾಕ್ಟೀರಿಯಾಗಳು ಮಾಡಿದ ಆಮ್ಲಗಳು ಆಲ್ಕೋಹಾಲಿನೊಡನೆ ಕೂಡಿ ಎಸ್ಟರ್‌ಗಳಾಗುತ್ತವೆ. ಬಾಳೆಹಣ್ಣಿಗೂ ಅನಾನಸಿಗೂ ಆ ವಾಸನೆ ಕೊಡುವುದು ಇದೇ ಬಗೆಯ ಎಸ್ಟರ್‌ಗಳು. ನಮ್ಮವರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ, ಮುಚ್ಚಿದ ಕೋಣೆಯಲ್ಲಿ ಹಲಸಿನ ಹಣ್ಣು ಕೊಯ್ದಾಗ ಮನೆಯೆಲ್ಲ ತುಂಬುವ ಘಮವನ್ನು ನೆನೆಯಿರಿ. ಹಾಗೆ ಹುದುಗಿದ್ದನ್ನು ಹಂಡೆಯಾಕಾರದ ಪಾಟ್ ಸ್ಟಿಲ್‌ನಲ್ಲಿ ಇಳಿಸುವುದರಿಂದ ಘಮ ಕಳೆದುಹೋಗದೆ ರಮ್‌ನಲ್ಲಿ ಉಳಿಯುತ್ತದೆ. ಎತ್ತರದ ಕಾಲಮ್ ಸ್ಟಿಲ್ ಇದರ ವಿರುದ್ಧ ದಿಕ್ಕಿನದು. ಅದು ಎಡೆಬಿಡದೆ ಶುದ್ಧಗೊಳಿಸುತ್ತ ಹೋಗುತ್ತದೆ, ಹಗುರವಾದ ರಮ್ ಕೊಡುತ್ತದೆ.

ಆ ಹಗುರವಾದ ಬಗೆ ಕ್ಯೂಬಾ ಮತ್ತು ಪೋರ್ಟೊ ರಿಕೊ ಕಡೆಯದು. ಬಕಾರ್ಡಿ ಹುಟ್ಟಿದ್ದು 1862ರಲ್ಲಿ ಕ್ಯೂಬಾದ ಸ್ಯಾಂಟಿಯಾಗೊದಲ್ಲಿ. ಪಾನೀಯಕ್ಕೆ ಹೆಸರು ಕೊಟ್ಟ ಡೈಕಿರಿ ಎಂಬ ಗಣಿಯ ಊರು ಇರುವುದೂ ಅದೇ ಸ್ಯಾಂಟಿಯಾಗೊದ ಹತ್ತಿರ. ಬಾರ್ಬಡೋಸ್‌ನವರು ಎರಡೂ ಭಟ್ಟಿಗಳ ರಮ್ ಅನ್ನು ಬೆರೆಸಿ ನಡುವಿನ ಹದ ಹಿಡಿಯುತ್ತಾರೆ. ಗಯಾನಾದ ಡೆಮೆರಾರಾ ರಮ್‌ನದು ಬೇರೆಯೇ ಲೋಕ. ಅಲ್ಲಿನ ಡೈಮಂಡ್ ಭಟ್ಟಿಮನೆಯಲ್ಲಿ ಗ್ರೀನ್‌ಹಾರ್ಟ್ ಎಂಬ ಗಟ್ಟಿಮರದಿಂದ ಕಟ್ಟಿದ ಹಳೆಯ ಭಟ್ಟಿಗಳು ಇವತ್ತಿಗೂ ದುಡಿಯುತ್ತಿವೆ. ಅವುಗಳಿಂದ ಬರುವ ರಮ್‌ನಲ್ಲಿ ಹೊಗೆ, ಜ್ಯೇಷ್ಠಮಧು, ಕಡುಬೆಲ್ಲದ ಭಾರವಿರುತ್ತದೆ. ಮಾರ್ಟಿನಿಕ್‌ನಲ್ಲಿ ಹೆಚ್ಚಾಗಿ ಕಾಕಂಬಿಯನ್ನು ಬಿಟ್ಟು ಕಬ್ಬಿನ ಹಾಲನ್ನೇ ಹುದುಗಿಸುತ್ತಾರೆ, ಅದನ್ನು ‘ಅಗ್ರಿಕೋಲ್’ ಎನ್ನುತ್ತಾರೆ. ಅದಕ್ಕೆ 1996ರಿಂದ ಫ್ರೆಂಚ್ ಕಾನೂನಿನ ಮೂಲಸ್ಥಾನದ ರಕ್ಷಣೆಯೂ ಇದೆ. ಆಲೆಮನೆಯ ಪಕ್ಕ ನಿಂತಾಗ ಬರುವ ಹಸಿ ಕಬ್ಬಿನ ವಾಸನೆ ಅದರಲ್ಲಿ ನೇರವಾಗಿ ಸಿಗುತ್ತದೆ.

ಕಡಲತಡಿ, ಮಂಗಳೂರು

ಕಬ್ಬಿನಹಾಲು ಅವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಹೊರದೇಶದಿಂದಲೇ ತರಿಸಬೇಕೆಂಬ ಭಾವನೆ ಓದುಗರಲ್ಲಿ ಉಳಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಸಿಗುವ ಕಡಿಮೆ ಬೆಲೆಯ ರಮ್‌ಗಳಲ್ಲಿ ಬಹುಪಾಲು, ಕಾಕಂಬಿಯಿಂದ ಬಂದ ರುಚಿಯಿಲ್ಲದ ಸ್ಪಿರಿಟ್ಟಿಗೆ ಬಣ್ಣ ಮತ್ತು ಸುವಾಸನೆ ಸೇರಿಸಿ ಮಾಡಿದವು. ಕೋಲಾದ ಜೊತೆಗೋ ಬಿಸಿನೀರಿನ ಜೊತೆಗೋ ಕುಡಿಯುವವರಿಗಾಗಿ ಅವನ್ನು ರೂಪಿಸಿರುವುದರಿಂದ ಅವುಗಳ ಕೆಲಸವನ್ನು ಅವು ಸರಿಯಾಗಿಯೇ ಮಾಡುತ್ತವೆ. ನಿಂಬೆಹುಳಿಯ ಎದುರಿಗೆ ನಿಲ್ಲಿಸಿದಾಗ ಮಾತ್ರ ಒಳಗೆ ಹಿಡಿದುಕೊಳ್ಳುವುದಕ್ಕೆ ಏನೂ ಇರುವುದಿಲ್ಲ. ಓಲ್ಡ್ ಮಾಂಕ್ ವಿಷಯವನ್ನು ನಾನು ಪ್ರತ್ಯೇಕವಾಗಿ ನೋಡುತ್ತೇನೆ. 1954ರಿಂದ ಬರುತ್ತಿರುವ ರಮ್ ಅದು, ತನ್ನದೇ ಗುಣ ಅದಕ್ಕಿದೆ, ಆದರೆ ಆ ಗುಣ ವೆನಿಲ್ಲಾ ಮತ್ತು ಸುಟ್ಟ ಸಕ್ಕರೆಯದು. ಅದನ್ನು ಜಮೈಕಾದ ಸ್ಥಾನದಲ್ಲಿ ಕೂರಿಸಿದರೆ ಇಬ್ಬರಿಗೂ ಅನ್ಯಾಯ. ಕಹಿ ಇರುವ ಕಡೆ ಹಾಕಿ ನೋಡಿ. 1970ರ ದಶಕದಲ್ಲಿ ಕೌಲಾಲಂಪುರದ ಹಿಲ್ಟನ್ ಹೋಟೆಲಿನಲ್ಲಿ ಹುಟ್ಟಿದ ಜಂಗಲ್ ಬರ್ಡ್‌ನಲ್ಲಿ 45 ಮಿಲಿ ಕಪ್ಪು ರಮ್, 22 ಮಿಲಿ ಕಂಪಾರಿ ಎನ್ನುವ ಕಹಿ ಮದ್ಯ, 45 ಮಿಲಿ ಅನಾನಸ್ ರಸ, 15 ಮಿಲಿ ನಿಂಬೆರಸ, 15 ಮಿಲಿ ಸಕ್ಕರೆ ಪಾಕ ಇರುತ್ತದೆ. ಓಲ್ಡ್ ಮಾಂಕ್ ಹಾಕುವುದಾದರೆ ಪಾಕವನ್ನು ಅರ್ಧಕ್ಕೆ ಇಳಿಸಿ. ಕಂಪಾರಿಯ ಕಹಿ ಆ ವೆನಿಲ್ಲಾವನ್ನು ಹಿಡಿತಕ್ಕೆ ತರುತ್ತದೆ, ಬನವಾಸಿ ಕಡೆಯ ಅನಾನಸು ಬರುವ ಕಾಲದಲ್ಲಿ ಮಾಡಿದರೆ ಸಕ್ಕರೆ ಪಾಕವೇ ಬೇಕಾಗದೆ ಇರಬಹುದು. ಪೆಟ್ಟಿಗೆಯಲ್ಲಿ ಬರುವ ಅನಾನಸ್ ರಸವನ್ನು ದಯವಿಟ್ಟು ಬಳಸಬೇಡಿ. ಶೇಕರ್‌ನಲ್ಲಿ ಕುಲುಕಿದಾಗ ಮೇಲೆ ಏಳುವ ನೊರೆ ತಾಜಾ ರಸದಿಂದ ಬರುವಷ್ಟು ಚೆನ್ನಾಗಿ ಅದರಿಂದ ಬರುವುದಿಲ್ಲ.

ಬೆಂಗಳೂರಿನ ಅಮೃತ್ ಭಟ್ಟಿಮನೆಯ ‘ಟೂ ಇಂಡೀಸ್’ ಅನ್ನು ನಾನು ಎಲ್ಲರಿಗೂ ಮೊದಲು ಹೇಳುತ್ತೇನೆ. ಜಮೈಕಾ, ಬಾರ್ಬಡೋಸ್, ಗಯಾನಾಗಳಿಂದ ತರಿಸಿದ ರಮ್‌ಗಳೊಡನೆ ನಮ್ಮ ಬೆಲ್ಲದ ರಮ್ ಬೆರೆಸಿದ್ದು ಅದು. ಅಂದರೆ ಹಲವು ಸೀಸೆಗಳನ್ನು ಕೊಂಡು ಬೆರೆಸುವ ಕೆಲಸವನ್ನು ಅವರೇ ಒಂದು ಮಟ್ಟಿಗೆ ಮಾಡಿಕೊಟ್ಟಿದ್ದಾರೆ. ಜಮೈಕಾದ ಹಲಸಿನ ಘಮ ಅದರಲ್ಲಿ ಮಂದವಾಗಿದೆ, ಆದರೆ ಬುನಾದಿ ಗಟ್ಟಿಯಾಗಿದೆ. ಗೋವಾಕ್ಕೆ ಹೋದವರು ‘ಮಾಕಾ ಝಾಯ್’ ರಮ್ ನೋಡಬಹುದು, ಕೊಂಕಣಿಯಲ್ಲಿ ‘ನನಗೆ ಬೇಕು’ ಎಂದು ಅದರ ಅರ್ಥ. ಹರಿಯಾಣದ ‘ಕಾಮಿಕಾರ’ ಕಬ್ಬಿನ ಹಾಲಿನಿಂದ ಮಾಡಿ 12 ವರ್ಷ ಮಾಗಿಸಿದ ರಮ್. ಅದರ ಬೆಲೆ ನೋಡಿದರೆ ಕಾಕ್ಟೇಲಿಗೆ ಸುರಿಯುವ ಮನಸ್ಸು ಬರುವುದಿಲ್ಲ, ಹಾಗೆಯೇ ಕುಡಿಯುವುದು ಮೇಲು. ನಂಜನಗೂಡಿನ ಕಡೆಯ ‘ಹುಲಿ’ ಬೆಲ್ಲದಿಂದಲೇ ಮಾಡಿದ ಮದ್ಯ. ಅದನ್ನು ರಮ್ ಎಂದು ಭಾವಿಸಿ ಮಾಯ್ ತಾಯ್‌ಗೆ ಹಾಕುವುದಕ್ಕಿಂತ ಅದರದೇ ಪಾನೀಯವನ್ನು ಕಟ್ಟುವುದು ಸರಿ ಎನ್ನುವುದು ನನ್ನ ಅಭಿಪ್ರಾಯ.

ನಿಂಬೆಗಿಡ, ನ್ಯೂ ಜೆರ್ಸಿ

ರಮ್‌ನ ಮಾತು ಮುಂದುವರಿಯುವ ಮೊದಲು ನಿಂಬೆಹಣ್ಣಿನ ಬಗ್ಗೆ ಒಂದು ವಿಷಯ ಹೇಳಲೇಬೇಕು, ಏಕೆಂದರೆ ತುಂಗಾತೀರ ಅವರ ಅಳತೆಯಲ್ಲಿ ‘ಒಂದು ನಿಂಬೆಹಣ್ಣು’ ಎಂದಿದೆ. ಅಮೆರಿಕದಲ್ಲಿ ಇಂದು ಅಂಗಡಿಗಳಲ್ಲಿ ಸಿಗುವುದು ಪರ್ಷಿಯನ್ ಲೈಮ್; ದಪ್ಪ ಸಿಪ್ಪೆ, ಬೀಜವಿಲ್ಲ, ಒಂದು ಹಣ್ಣಿಗೆ 25ರಿಂದ 30 ಮಿಲಿ ರಸ. ನಮ್ಮೂರಿನ ತೆಳು ಸಿಪ್ಪೆಯ ನಿಂಬೆ ಬೇರೆ ಜಾತಿಯದು, ಅದರಿಂದ ಬರುವುದು ಹೆಚ್ಚೆಂದರೆ ಇದರ ಅರ್ಧ. ಆದ್ದರಿಂದ ಅಲ್ಲಿಯ ‘ಒಂದು’ ನಮ್ಮಲ್ಲಿ ಎರಡು, ಕೆಲವೊಮ್ಮೆ ಮೂರು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಕ್ಯೂಬಾದಲ್ಲಿ ಡೈಕಿರಿ ಹುಟ್ಟಿದ ಕಾಲಕ್ಕೆ ಅಲ್ಲಿ ಬಳಕೆಯಲ್ಲಿದ್ದ ಸಣ್ಣ ನಿಂಬೆ ನಮ್ಮ ನಿಂಬೆಯ ಜಾತಿಯದೇ. ಈ ಒಂದು ವಿಷಯದಲ್ಲಿ ಬೆಂಗಳೂರಿನವರು ನಮಗಿಂತ ಅನುಕೂಲವಾದ ಜಾಗದಲ್ಲಿದ್ದೀರಿ. ಇಲ್ಲಿ ಆ ಪರಿಮಳಕ್ಕಾಗಿ ನಾನು ಇಂಡಿಯನ್ ಅಂಗಡಿ ಹುಡುಕಿಕೊಂಡು ಹೋಗುತ್ತೇನೆ.

ಇನ್ನು ಮಾರ್ಟಿನಿಕ್ ಬಗ್ಗೆ. 17 ವರ್ಷದ ಆ ರಮ್ ಮುಗಿದುಹೋದ ಮೇಲೆ ಬರ್ಜೆರಾನ್ ಜಮೈಕಾದ ಬೇರೆ ರಮ್‌ಗೆ ಮಾರ್ಟಿನಿಕ್‌ನ ರಮ್ ಬೆರೆಸಿ ಹಳೆಯ ರುಚಿಯ ಹತ್ತಿರ ಬರಲು ಪ್ರಯತ್ನಿಸಿದರು. ಇದನ್ನು ಓದಿ ಹಲವರು ಜಮೈಕಾ ಅರ್ಧ, ಅಗ್ರಿಕೋಲ್ ಅರ್ಧ ಹಾಕುತ್ತಾರೆ, ನಾನೂ ಹಾಗೆ ಮಾಡುತ್ತೇನೆ, ಹಸಿ ಕಬ್ಬಿನ ಆ ಚುರುಕು ನನಗೆ ಬಹಳ ಇಷ್ಟ. ಜಮೈಕಾ ಒಂದೇ ಸಾಕು ಎನ್ನುವಂತೆ ಕಬ್ಬಿನಹಾಲು ಅವರು ಬರೆದಿರುವುದನ್ನು ಆ ಮಟ್ಟಿಗೆ ಒಪ್ಪಲಾರೆ.

ಕಬ್ಬಿನಹಾಲು, ಲಂಡನ್

ನಿಂಬೆಗಿಡ ಅವರೇ, ನಿಂಬೆಯ ವಿಷಯ ಹೇಳಿದ್ದಕ್ಕೆ ಧನ್ಯವಾದ, ಅದು ನನಗೆ ಹೊಳೆಯಬೇಕಿತ್ತು. ಮಾರ್ಟಿನಿಕ್ ವಿಷಯದಲ್ಲಿ ಒಂದು ತಿದ್ದುಪಡಿ. ಸ್ಯಾನ್ ಫ್ರಾನ್ಸಿಸ್ಕೊದ ಸ್ಮಗ್ಲರ್ಸ್ ಕೋವ್ ಬಾರ್ ಕಟ್ಟಿದ ಮಾರ್ಟಿನ್ ಕೇಟ್ ಅವರು, ಆ ಕಾಲದಲ್ಲಿ ಬರ್ಜೆರಾನ್ ಬಳಸಿದ ಮಾರ್ಟಿನಿಕ್ ರಮ್ ಕಬ್ಬಿನ ಹಾಲಿನದಲ್ಲ, ಕಾಕಂಬಿಯಿಂದ ಮಾಡಿದ ಗಾಢ ಬಣ್ಣದ ರಮ್ ಎಂದು ವಾದಿಸುತ್ತಾರೆ. ಬರ್ಜೆರಾನ್ ಅದರ ರುಚಿಯನ್ನು ವರ್ಣಿಸಿರುವ ರೀತಿಯನ್ನು ಗಮನಿಸಿದರೆ ನನಗೂ ಅದೇ ಸರಿ ಎನಿಸುತ್ತದೆ. ಅಗ್ರಿಕೋಲ್ ಹಾಕಿದ ಮಾಯ್ ತಾಯ್ ರುಚಿಯಾಗಿರುತ್ತದೆ ಎನ್ನುವುದನ್ನು ಅಲ್ಲಗಳೆಯುವುದಿಲ್ಲ, ಅದನ್ನು 1944ರ ರುಚಿ ಎಂದು ಕರೆಯುವುದಕ್ಕೆ ಮಾತ್ರ ನನ್ನ ಆಕ್ಷೇಪ. ಅಂದಹಾಗೆ, ಆ ಹಳೆಯ ರಮ್‌ನ ನೆನಪಿಗೆ ಜಮೈಕಾದ ಆಪಲ್ಟನ್‌ನವರು 2023ರಲ್ಲಿ ಪಾಟ್ ಸ್ಟಿಲ್‌ನ 17 ವರ್ಷದ ರಮ್ ಒಂದನ್ನು ಹೊರತಂದರು. ಇಡೀ ಲೋಕಕ್ಕೆ 1,500 ಸೀಸೆ. ಅದು ನಮ್ಮ ಕೈಗೆ ಎಟುಕುವ ಮಾತಲ್ಲ.

ತುಂಗಾತೀರ, ಬೆಂಗಳೂರು

ನಿಂಬೆಯ ಅಳತೆ ಓದಿ ತಲೆಯ ಮೇಲಿನ ಅರ್ಧ ಭಾರ ಇಳಿಯಿತು. ನಾನು ಹಾಕಿದ್ದು ಒಂದೇ ಹಣ್ಣು, ಪಾನಕದಂತೆ ಸಿಹಿಯಾಗಿದ್ದಕ್ಕೆ ಅದೂ ಒಂದು ಕಾರಣವಿರಬೇಕು. ಭಾವನಿಗೆ ಈ ವಾರ ಪಟ್ಟಿ ಕಳಿಸಬೇಕಾಗಿದೆ. ಝೋಂಬಿಯಂಥ ಪಾನೀಯಗಳಿಗೆ ‘151’ ಎಂದು ಬರೆದ ರಮ್ ಬೇಕು ಎನ್ನುತ್ತಾರೆ, ಅದನ್ನೂ ತರಿಸಬಹುದೇ? ನಮ್ಮ ಸೀಸೆಗಳ ಮೇಲೆ ‘75 ಡಿಗ್ರಿ ಪ್ರೂಫ್’ ಎಂದಿರುತ್ತದಲ್ಲ, ಹಾಗಾದರೆ 151 ಎಂದರೆ ಅದರ ಎರಡರಷ್ಟು ಕಡುವೇ?

ಕಬ್ಬಿನಹಾಲು, ಲಂಡನ್

ಅಲ್ಲ, ಅವು ಎರಡು ಬೇರೆ ಬೇರೆ ಅಳತೆಗೋಲು. ಭಾರತದಲ್ಲಿ ಉಳಿದಿರುವುದು ಹಳೆಯ ಬ್ರಿಟಿಷ್ ಪ್ರೂಫ್. ಅದರಲ್ಲಿ 100 ಎಂದರೆ ಶೇ. 57ರಷ್ಟು ಆಲ್ಕೋಹಾಲ್, ಆ ಲೆಕ್ಕದಲ್ಲಿ 75 ಎಂದರೆ ನಿಮ್ಮ ಸೀಸೆಗಳ ಮೇಲೆ ಕಾಣುವ ಶೇ. 42.8. ಅಮೆರಿಕದವರ ಪ್ರೂಫ್ ಎಂದರೆ ಶೇಕಡಾವಾರಿನ ಸರಿಯಾಗಿ ಎರಡರಷ್ಟು. 151 ಎಂದರೆ ಶೇ. 75.5. ಶೇ. 70ಕ್ಕಿಂತ ಕಡುವಾದ ಮದ್ಯವನ್ನು ಪ್ರಯಾಣಿಕರು ವಿಮಾನದಲ್ಲಿ, ಕೈಚೀಲದಲ್ಲಾಗಲಿ ಒಳಗೆ ಹಾಕುವ ಪೆಟ್ಟಿಗೆಯಲ್ಲಾಗಲಿ, ಒಯ್ಯುವಂತಿಲ್ಲ. ಆದ್ದರಿಂದ 151 ಅನ್ನು ಪಟ್ಟಿಯಿಂದ ತೆಗೆದುಬಿಡಿ. ಇನ್ನೊಂದು ಲೆಕ್ಕವನ್ನೂ ಗಮನಿಸಿ. ಭಾರತಕ್ಕೆ ಬರುವವರಿಗೆ ಸುಂಕವಿಲ್ಲದೆ ತರಲು ಇರುವ ಮಿತಿ ಎರಡು ಲೀಟರ್, ಇಲ್ಲಿನ ಸೀಸೆ 700 ಮಿಲಿಯದು. ಮೂರು ಸೀಸೆಯಾದರೆ 2.1 ಲೀಟರ್ ಆಗುತ್ತದೆ. ಭಾವನವರನ್ನು ಕಸ್ಟಮ್ಸ್ ಎದುರು ನಿಲ್ಲಿಸದೆ ಎರಡೇ ಸೀಸೆ ತರಿಸಿ.

ಆ ಎರಡರಲ್ಲಿ ಒಂದು ಸ್ಮಿತ್ ಅಂಡ್ ಕ್ರಾಸ್ ಆಗಲಿ. ಜಮೈಕಾದ ಪಾಟ್ ಸ್ಟಿಲ್ ರಮ್, ಶೇ. 57, ನೀವು ಹುಡುಕುತ್ತಿರುವ ಘಮವೇ ಅದು. ಅದು ಎಷ್ಟು ಗಾಢವೆಂದರೆ ಇಡೀ 60 ಮಿಲಿ ಹಾಕುವ ಅಗತ್ಯವೇ ಇಲ್ಲ. ಒಗ್ಗರಣೆಯಲ್ಲಿ ಇಂಗು ಹೇಗೋ ಹಾಗೆ 15 ಮಿಲಿ ಸಾಕು, ಉಳಿದ 45 ಮಿಲಿ ಬೇರೆ ರಮ್ ಇರಲಿ. ಹಾಗೆ ಬಳಸಿದರೆ ಒಂದು ಸೀಸೆ ನಲವತ್ತಕ್ಕೂ ಹೆಚ್ಚು ಲೋಟಕ್ಕೆ ಬರುತ್ತದೆ. ಎರಡನೆಯದು ಗಯಾನಾದ ಎಲ್ ಡೊರಾಡೊ, 8 ವರ್ಷದ್ದಾದರೂ ಸರಿ, 12 ವರ್ಷದ್ದಾದರೂ ಸರಿ. ವ್ರೇ ಅಂಡ್ ನೆಫ್ಯೂ ಓವರ್‌ಪ್ರೂಫ್ ಶೇ. 63 ಇರುವುದರಿಂದ ವಿಮಾನದಲ್ಲಿ ಬರುತ್ತದೆ, ಲಂಡನ್ನಿನ ಸಾಮಾನ್ಯ ಅಂಗಡಿಗಳಲ್ಲೂ ಸಿಗುತ್ತದೆ, ಅದು ಮುಂದಿನ ಸಲಕ್ಕಿರಲಿ. ಬುನಾದಿಗೆ ಅಲ್ಲಿಯ ಟೂ ಇಂಡೀಸ್, ಡೈಕಿರಿಗೆ ಒಂದು ಹಗುರವಾದ ಬಿಳಿ ರಮ್ ಕೊಂಡುಕೊಳ್ಳಿ. ನಾಲ್ಕು ಸೀಸೆ ಆಯಿತು. ಬಾರ್ಬಡೋಸ್ ಮತ್ತು ಮಾರ್ಟಿನಿಕ್ ಇಲ್ಲದಿರುವುದು ನನಗೆ ಸಂಕಟದ ವಿಷಯವೇ, ಆದರೆ ಮೊದಲ ವರ್ಷಕ್ಕೆ ಇಷ್ಟು ಸಾಕು.

ಏಲಕ್ಕಿಮನೆ, ಸಕಲೇಶಪುರ

ರಮ್ ಸರಿಯಾದರೂ ಪಾಕ ಕೆಟ್ಟರೆ ಪಾನೀಯ ಕೆಡುತ್ತದೆ, ಆದ್ದರಿಂದ ನನ್ನ ಅಡುಗೆಮನೆಯ ಅನುಭವವನ್ನು ಬರೆಯುತ್ತೇನೆ. ಬರ್ಜೆರಾನ್ ಅಳತೆಯಲ್ಲಿರುವ ಆ 7 ಮಿಲಿ ಪಾಕವನ್ನು ಅಲ್ಲಿ ‘ರಾಕ್ ಕ್ಯಾಂಡಿ’ ಪಾಕ ಎನ್ನುತ್ತಾರೆ. ನಮ್ಮ ಕಲ್ಲುಸಕ್ಕರೆಯೇ ಅದು. ಎರಡು ಪಾಲು ಕಲ್ಲುಸಕ್ಕರೆಗೆ ಒಂದು ಪಾಲು ನೀರು ಹಾಕಿ ಕರಗಿಸಿದರೆ ಆಯಿತು, ಎಳೆ ಪಾಕ ಬರುವವರೆಗೆ ಕುದಿಸಬಾರದು.

ಓರ್ಜಾಕ್ಕೆ ಅಂಗಡಿಯ ಬಾದಾಮಿ ಹಾಲಿನ ಪುಡಿಯನ್ನು ಬಳಸಬೇಡಿ, ಅದರಲ್ಲಿರುವ ಏಲಕ್ಕಿ ಮತ್ತು ಕೇಸರಿ ರಮ್ ಅನ್ನು ಮುಚ್ಚಿಹಾಕುತ್ತವೆ. 200 ಗ್ರಾಂ ಬಾದಾಮಿಯನ್ನು ನೆನೆಸಿ, ಸಿಪ್ಪೆ ತೆಗೆದು, 400 ಮಿಲಿ ನೀರಿನಲ್ಲಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಬಂದ ಹಾಲಿನ ತೂಕದಷ್ಟೇ ಸಕ್ಕರೆ ಹಾಕಿ ಬೆಚ್ಚಗಿನ ಉರಿಯಲ್ಲಿ ಕರಗಿಸಿ, ತಣ್ಣಗಾದ ಮೇಲೆ ಒಂದು ಚಮಚ ಕಿತ್ತಳೆ ಹೂವಿನ ನೀರು ಬೆರೆಸಿ. ಆ ಹೂವಿನ ನೀರು ಸಿಗದಿದ್ದಾಗ ನಾನು ಪನ್ನೀರನ್ನು ಹನಿ ಲೆಕ್ಕದಲ್ಲಿ ಹಾಕಿದ್ದುಂಟು. ರುಚಿ ಬೇರೆಯಾಗುತ್ತದೆ, ಕೆಡುವುದಿಲ್ಲ. ಒಂದು ದೊಡ್ಡ ಚಮಚ ರಮ್ ಸೇರಿಸಿ ಫ್ರಿಜ್‌ನಲ್ಲಿಟ್ಟರೆ ಎರಡು ವಾರ ಇರುತ್ತದೆ.

ಕ್ಯೂರಸಾವ್ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆ ಸುಲಭವಾಗಿ ಸಿಗುವುದು ನೀಲಿ ಬಣ್ಣದ, ಮದ್ಯವಿಲ್ಲದ ಸಿರಪ್. ಅದರಲ್ಲಿ ಸಿಹಿ ಬಿಟ್ಟರೆ ಹೆಚ್ಚೇನೂ ಇಲ್ಲ. ಕ್ವಾಂಟ್ರೋ ಎನ್ನುವ ಕಿತ್ತಳೆ ಮದ್ಯ ಸಿಕ್ಕಿದರೆ ಅದೇ ಮೇಲು.

ಝೋಂಬಿ ಮಾಡುವವರಿಗಾಗಿ ಇನ್ನೊಂದು ಮಾತು. 1934ರಲ್ಲಿ ಡಾನ್ ಬೀಚ್‌ಕೋಂಬರ್ ಅವರು ಹಾಲಿವುಡ್‌ನಲ್ಲಿ ಆ ಪಾನೀಯವನ್ನು ಕಟ್ಟಿದಾಗ ಎರಡು ಪಾಲು ಗ್ರೇಪ್‌ಫ್ರೂಟ್ ರಸಕ್ಕೆ ಒಂದು ಪಾಲು ಚಕ್ಕೆಯ ಪಾಕ ಸೇರಿಸಿದ ಮಿಶ್ರಣವನ್ನು ಗುಟ್ಟಾಗಿಟ್ಟಿದ್ದರು. ಗ್ರೇಪ್‌ಫ್ರೂಟ್ ಹುಟ್ಟಿದ್ದು ರಮ್‌ನ ನಾಡಾದ ಬಾರ್ಬಡೋಸ್‌ನಲ್ಲಿಯೇ, ಚಕ್ಕೋತ ಮತ್ತು ಸಿಹಿ ಕಿತ್ತಳೆಯ ಕೂಡಿಕೆಯಿಂದ. ನಮ್ಮಲ್ಲಿ ಆ ಹಣ್ಣು ವಿರಳ, ಆದರೆ ಅದರ ತಾಯಿಯಾದ ಚಕ್ಕೋತ ದೇವನಹಳ್ಳಿಯಲ್ಲಿ ಬೆಳೆಯುತ್ತದೆ. ದೇವನಹಳ್ಳಿ ಚಕ್ಕೋತದ ರಸ ಗ್ರೇಪ್‌ಫ್ರೂಟ್‌ಗಿಂತ ಕಹಿ ಕಡಿಮೆ, ಸಿಹಿ ಹೆಚ್ಚು. ಹಾಗಾಗಿ ನಾನು ಚಕ್ಕೆಯ ಪಾಕವನ್ನು ಕಡಿಮೆ ಮಾಡಿ ಒಂದೆರಡು ಹನಿ ಅಂಗೋಸ್ಟುರಾ ಎನ್ನುವ ಕಹಿಸಾರ ಹೆಚ್ಚು ಹಾಕುತ್ತೇನೆ. ಆದರೆ ಒಂದು ಲೋಟದಲ್ಲಿ ಮೂರು ಬಗೆಯ ರಮ್ ಸೇರಿ ನೂರು ಮಿಲಿ ಮೀರುತ್ತದೆ. ಡಾನ್ ಅವರೇ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಂದೇ, ಅದೂ ಇಬ್ಬರ ನಡುವೆ.

ನಿಂಬೆಗಿಡ, ನ್ಯೂ ಜೆರ್ಸಿ

ಭಾವನವರು ಅಂಗಡಿಯಲ್ಲಿ ನಿಂತಾಗ ಉಪಯೋಗಕ್ಕೆ ಬರಬಹುದಾದ ಒಂದು ಮಾತು. ಸೀಸೆಯ ಮೇಲೆ ದೊಡ್ಡದಾಗಿ 23 ಎಂದು ಬರೆದಿದ್ದರೆ ಅದು ವಯಸ್ಸು ಎಂದುಕೊಳ್ಳಬಾರದು. ಸೊಲೇರಾ ಪದ್ಧತಿಯಲ್ಲಿ ಎಳೆಯದನ್ನೂ ಹಳೆಯದನ್ನೂ ಬೆರೆಸುತ್ತ ಹೋಗುವುದರಿಂದ ಆ ಸಂಖ್ಯೆ ಅತಿ ಹಳೆಯ ಪಾಲನ್ನು ಸೂಚಿಸಬಹುದು ಅಷ್ಟೇ. ಜಮೈಕಾದ ಸೀಸೆಯ ಮೇಲಿನ 8 ಎಂದರೆ ಅದರೊಳಗಿನ ಅತಿ ಎಳೆಯ ಹನಿಗೂ ಎಂಟು ವರ್ಷ ತುಂಬಿದೆ ಎಂದರ್ಥ.

ಹಾಗೆಯೇ ಕೆಲವು ರಮ್‌ಗಳಿಗೆ ಭಟ್ಟಿ ಇಳಿಸಿದ ಮೇಲೆ ಸಕ್ಕರೆ ಸೇರಿಸುತ್ತಾರೆ. ಯೂರೋಪಿನಲ್ಲಿ 2021ರಿಂದ ಲೀಟರಿಗೆ 20 ಗ್ರಾಂ ಮೀರಿದರೆ ಅದನ್ನು ರಮ್ ಎಂದು ಮಾರುವಂತಿಲ್ಲ. ಹಾಗೆಯೇ ಕುಡಿಯುವವರಿಗೆ ಆ ಸಿಹಿ ಹಿತವಾಗಬಹುದು, ಆದರೆ ಡೈಕಿರಿಯಲ್ಲಿ ನಿಂಬೆಗೂ ಪಾಕಕ್ಕೂ ನಡುವೆ ನೀವು ಎಚ್ಚರದಿಂದ ಹಿಡಿದ ಹದವನ್ನು ಅದು ಕದಡುತ್ತದೆ. ತಟ್ಟೆಯಲ್ಲಿ ಒಂದು ಚಮಚ ರಮ್ ಸುರಿದು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಬೆರಳಿಗೆ ಅಂಟು ತಾಗಿದರೆ ಸಕ್ಕರೆಯಿದೆ ಎಂದು ತಿಳಿದು ಪಾಕವನ್ನು ಕಡಿಮೆ ಮಾಡಿ.

ತುಂಗಾತೀರ, ಬೆಂಗಳೂರು

ಭಾವ ಬಂದು ಹತ್ತು ದಿನವಾಯಿತು. ಸ್ಮಿತ್ ಅಂಡ್ ಕ್ರಾಸ್ ಮತ್ತು ಎಲ್ ಡೊರಾಡೊ 8, ಎರಡನ್ನೂ ಬನಿಯನ್‌ಗಳಲ್ಲಿ ಸುತ್ತಿ ಜೋಪಾನವಾಗಿ ತಂದರು. ನೀವೆಲ್ಲ ಇಷ್ಟು ಹೊತ್ತು ವ್ಯಯಿಸಿ ಬರೆದಿರುವಾಗ ಫಲಿತಾಂಶವನ್ನು ಸರಿಯಾಗಿ ಬರೆಯುವುದು ನನ್ನ ಕರ್ತವ್ಯ.

ಮೊದಲ ದಿನ ಮೂರು ಸಣ್ಣ ಲೋಟಗಳಲ್ಲಿ ಮಾಯ್ ತಾಯ್ ಮಾಡಿ ಭಾವ, ಅಕ್ಕ, ನಾನು ಹಂಚಿಕೊಂಡು ನೋಡಿದೆವು. ಟೂ ಇಂಡೀಸ್ ಒಂದನ್ನೇ ಹಾಕಿದ್ದು ಚೆನ್ನಾಗಿತ್ತು, ಬೆಲ್ಲದ ಹಿನ್ನೆಲೆಯಲ್ಲಿ ಬಾದಾಮಿ ಸ್ಪಷ್ಟವಾಗಿ ಕಾಣುತ್ತಿತ್ತು. ಸ್ಮಿತ್ ಅಂಡ್ ಕ್ರಾಸ್ ಒಂದನ್ನೇ ಹಾಕಿದ್ದನ್ನು ಅಕ್ಕ ಒಂದು ಗುಟುಕಿಗೆ ಕೆಳಗಿಟ್ಟರು. ನನಗೂ ಅದು ಕಡುವಾಯಿತು. ನಾಲ್ಕಕ್ಕೆ ಮೂರು ಪಾಲು ಟೂ ಇಂಡೀಸ್, ಒಂದು ಪಾಲು ಸ್ಮಿತ್ ಅಂಡ್ ಕ್ರಾಸ್ ಹಾಕಿದ ಲೋಟವನ್ನು ಮೂಗಿನ ಹತ್ತಿರ ತಂದಾಗ ಲಂಡನ್ನಿನ ಆ ಸಂಜೆಯ ಘಮ ಮತ್ತೆ ಸಿಕ್ಕಿತು. ಎರಡು ವರ್ಷ ಹುಡುಕಿದ್ದು ಅಡುಗೆಮನೆಯ ಕಟ್ಟೆಯ ಮೇಲೆ ಇತ್ತು, ಏನು ಹೇಳಬೇಕೆಂದು ತೋಚಲಿಲ್ಲ. ಕಬ್ಬಿನಹಾಲು ಅವರಿಗೆ ನಾನು ಋಣಿ. ನಮ್ಮ ನಿಂಬೆ ಎರಡು ಹಣ್ಣಿಗೆ ನಿಖರವಾಗಿ 26 ಮಿಲಿ ರಸ ಕೊಟ್ಟಿತು.

ಎಲ್ ಡೊರಾಡೊವನ್ನು ಜಂಗಲ್ ಬರ್ಡ್‌ಗೆ ಹಾಕಿದೆ, ಹೊಗೆಯ ಭಾರ ಕಂಪಾರಿಗೆ ಹೆಗಲು ಕೊಟ್ಟಂತಿತ್ತು. ಮರುದಿನ ಕಡಲತಡಿ ಅವರು ಹೇಳಿದಂತೆ ಓಲ್ಡ್ ಮಾಂಕ್‌ನಲ್ಲೂ ಮಾಡಿ, ಪಾಕವನ್ನು 7 ಮಿಲಿಗೆ ಇಳಿಸಿದೆ. ಭಾವನಿಗೆ ಇಷ್ಟವಾದದ್ದು ಅದೇ. ಎಲ್ ಡೊರಾಡೊವನ್ನು ತಟ್ಟೆಯಲ್ಲಿ ಸುರಿದಿಟ್ಟು ನೋಡಿದೆ, ಬೆಳಿಗ್ಗೆ ಬೆರಳಿಗೆ ಸ್ವಲ್ಪ ಅಂಟಿತು. ಡೈಕಿರಿ ಮಾತ್ರ ಇನ್ನೂ ಕೈಗೆ ಬಂದಿಲ್ಲ. 60 ಮಿಲಿ ಬಿಳಿ ರಮ್, 22 ಮಿಲಿ ನಿಂಬೆ, 15 ಮಿಲಿ ಪಾಕ ಹಾಕಿದರೂ ನೀರುನೀರಾಗುತ್ತಿದೆ.

ಏಲಕ್ಕಿಮನೆ, ಸಕಲೇಶಪುರ

ನಿಮ್ಮ ಐಸ್ ನೋಡಿಕೊಳ್ಳಿ. ಫ್ರಿಜ್‌ನ ಸಣ್ಣ ಟ್ರೇಯಿಂದ ತೆಗೆದು ಹೊರಗಿಟ್ಟ ಐಸ್ ಹೊರಮೈ ಕರಗಲು ಆಗಲೇ ಶುರುವಾಗಿರುತ್ತದೆ, ಆ ನೀರೆಲ್ಲ ಶೇಕರ್‌ಗೆ ಇಳಿಯುತ್ತದೆ. ದೊಡ್ಡ ತುಂಡುಗಳನ್ನು ಫ್ರೀಜರ್‌ನಿಂದ ನೇರವಾಗಿ ಶೇಕರ್‌ಗೆ ಹಾಕಿ, ಹನ್ನೆರಡು ಸೆಕೆಂಡು ಜೋರಾಗಿ ಕುಲುಕಿ, ಮೊದಲೇ ತಣ್ಣಗೆ ಮಾಡಿಟ್ಟ ಲೋಟಕ್ಕೆ ಸೋಸಿ. ಮಾಯ್ ತಾಯ್‌ಗೆ ಪುಡಿ ಐಸ್ ಸರಿ, ಡೈಕಿರಿಗೆ ಬೇಡ. ಆಗಲೂ ನೀರೆನಿಸಿದರೆ ಬಿಳಿ ರಮ್‌ನಲ್ಲಿ 10 ಮಿಲಿ ತೆಗೆದು ಆ ಜಾಗಕ್ಕೆ ಸ್ಮಿತ್ ಅಂಡ್ ಕ್ರಾಸ್ ಹಾಕಿ ನೋಡಿ.